ಪುರಾವೆ ಇಲ್ಲದೆ ಹೆಸರಿಲ್ಲ

ಸತ್ತವರ ಮೇಲೆ ಶೇವಿಂಗ್ ನೊರೆ ಬಳಿಯುವುದನ್ನು ನೀವು ನೋಡಿಲ್ಲವೆಂದರೆ ಪುಣ್ಯವಂತರು. ನಾನು ಪ್ರತಿ ವರ್ಷ ನೋಡುತ್ತೇನೆ. ಪೆನ್‌ಹೇಲ್ ವಂಶಾವಳಿ ಸಂಘದ ಅಧ್ಯಕ್ಷ ಮರ್ವಿನ್ ಟ್ರೆಥೆವಿ ಅಂಗಿಯ ತೋಳು ಮಡಚಿಕೊಂಡು, ಬೇರೆ ಯಾರದೋ ಮುತ್ತಜ್ಜನ ಗೋರಿಕಲ್ಲಿನ ಮೇಲೆ ಬುಸ್ಸೆಂದು ನೊರೆ ಹಾರಿಸುತ್ತಾನೆ. ಆಮೇಲೆ ಕಿಟಕಿ ಗಾಜು ಒರೆಸುವ ರಬ್ಬರು ತೆಗೆದುಕೊಂಡು ಮೇಲಿಂದ ಕೆಳಕ್ಕೆ ಎಳೆಯುತ್ತಾನೆ. ಸವೆದ ಅಕ್ಷರಗಳ ಗುಳಿಯಲ್ಲಿ ನೊರೆ ನಿಂತು ಹೆಸರು ಬೆಳ್ಳಗೆ ಎದ್ದು ಕಾಣುತ್ತದೆ, ಸುತ್ತ ನಿಂತವರು ಚಪ್ಪಾಳೆ ತಟ್ಟಿ ಫೋಟೊ ಹೊಡೆಯುತ್ತಾರೆ. ಆ ಹಾಳು ನೊರೆ ಕಲ್ಲನ್ನು ತಿಂದುಹಾಕುತ್ತದೆ, ಇನ್ನು ಕೆಲವು ವರ್ಷಕ್ಕೆ ಓದಲು ಅಕ್ಷರವೇ ಇರುವುದಿಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

"ರಾಸ್, ನಿಂಗೆ ಓದೋಕ್ ಬರೋ ಕಲ್ಲು ಬೇಕೋ, ಓದೋಕ್ ಬಾರ್ದಿರೋ ಕಲ್ಲು ಬೇಕೋ?" ಎನ್ನುತ್ತಾನೆ ಪುಣ್ಯಾತ್ಮ. ಆದರೆ ತನ್ನ ಅಜ್ಜಿಯ ಗೋರಿಯ ಮೇಲೆ ಒಂದು ಹನಿ ನೊರೆ ಬೀಳಲು ಬಿಡುವುದಿಲ್ಲ. ಅದು ಕಪ್ಪು ಗ್ರಾನೈಟು, ಸುತ್ತ ಕಬ್ಬಿಣದ ಕಟಾಂಜನ, ಮೇಲೆ ಚಿನ್ನದ ಬಣ್ಣದ ಅಕ್ಷರ. ಅಲ್ಲಿಗೆ ಬಂದಾಗ ಮಾತ್ರ ಟೋಪಿ ತೆಗೆದು ಎದೆಗಿಟ್ಟುಕೊಂಡು ದನಿ ತಗ್ಗಿಸುತ್ತಾನೆ. ಆ ನಾಟಕ ನೋಡಿದರೆ ನನಗೆ ತಿಂದ ಪ್ಯಾಸ್ಟಿ ಗಂಟಲಿಗೆ ಬರುತ್ತದೆ.

ನಮ್ಮ ಸಂಘದ ಲೈಬ್ರರಿ ಇರುವುದು ಹಳೆಯ ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಕೋಣೆಯಲ್ಲಿ. ರೈಲು ನಿಂತು ನಾನು ಅಜ್ಜಿಯಾಗುವಷ್ಟು ಕಾಲವಾಯಿತು. ಗುರುವಾರ ಬಾಗಿಲು ತೆರೆಯುತ್ತದೆ. ಪೋಸ್ಟಾಫೀಸಿನ ಕೌಂಟರಿನಿಂದ ನಿವೃತ್ತಳಾದ ಮೇಲೆ ನಾನೇ ಬೀಗ ತೆಗೆಯುವವಳು, ಕಸ ಗುಡಿಸುವವಳು, ಚಹಾ ಮಾಡುವವಳು, ಬಂದವರ ಅಜ್ಜಂದಿರನ್ನು ಹುಡುಕಿಕೊಡುವವಳು. ಮರ್ವಿನ್ ಅಧ್ಯಕ್ಷ, ಆದ್ದರಿಂದ ಅವನು ಕೂರುತ್ತಾನೆ. ಬೇಕರಿಯಿಂದ ಕ್ರೀಮ್ ಬನ್ ಎರಡು ತರುತ್ತಾನೆ, ಎರಡೂ ಅವನಿಗೇ. ಹೃದಯದ ಡಾಕ್ಟರು ಬೆಣ್ಣೆ ಮುಟ್ಟಬೇಡ ಎಂದಿದ್ದಾರೆ. ಅವನು ಕ್ರೀಮು ಬೆಣ್ಣೆಯಲ್ಲ ಎಂದು ವಾದಿಸುತ್ತಾನೆ. ಕ್ರೀಮು ಮೆತ್ತಿದ ಬೆರಳಲ್ಲೇ ಗೋರಿಕಲ್ಲಿನ ಫೋಟೊಗಳ ಬೀರು ತೆಗೆಯುತ್ತಾನೆ. ಅವನ ತಲೆಯ ಮೇಲೆ ಗೋಡೆಯಲ್ಲಿ ಒಂದು ಹಿತ್ತಾಳೆಯ ಫಲಕ. ಅದರಲ್ಲಿ ಸಂಘದ ಧ್ಯೇಯವಾಕ್ಯ: ಪುರಾವೆ ಇಲ್ಲದೆ ಹೆಸರಿಲ್ಲ. ಬರೆದವನು ಅವನೇ, ಉಜ್ಜಿ ಹೊಳಪು ಕೊಡುವವಳು ನಾನು.

ಇಲ್ಲಿಗೆ ಬರುವವರನ್ನು ಕಂಡರೂ ನನಗೆ ಅಷ್ಟಕ್ಕಷ್ಟೇ. ಎಲ್ಲರಿಗೂ ವಂಶದಲ್ಲಿ ಒಬ್ಬ ಗಣಿಯ ಕ್ಯಾಪ್ಟನ್ ಬೇಕು. ಕ್ಯಾಪ್ಟನ್ ಸಿಗದಿದ್ದರೆ ಒಬ್ಬ ಕಳ್ಳನಾದರೂ ಆದೀತು, ಗಲ್ಲಿಗೇರಿದವನಾದರೆ ಇನ್ನೂ ಖುಷಿ. ಕಾರ್ನ್‌ವಾಲ್‌ನಿಂದ ಭೂಮಿಯ ಈ ದಕ್ಷಿಣದ ತುದಿಗೆ ಹಡಗು ಹತ್ತಿ ಬಂದು, ನೆಲದಡಿ ತಾಮ್ರ ಅಗೆದು, ಕೆಮ್ಮಿ ಕೆಮ್ಮಿ ಸತ್ತ ಸಾದಾ ಮನುಷ್ಯ ಸಿಕ್ಕಿದರೆ ಮುಖ ಸಪ್ಪಗೆ ಮಾಡಿಕೊಂಡು, "ಬೇರೆ ಯಾರೂ ಇಲ್ವಾ?" ಎಂದು ಕೇಳುತ್ತಾರೆ, ಬಟ್ಟೆ ಅಂಗಡಿಯಲ್ಲಿ ಬೇರೆ ಬಣ್ಣ ಕೇಳಿದ ಹಾಗೆ. ಛೀ. ಇವರ ಮನೆಯ ಹೆಣಗಳಿಗೆ ಜೀವ ಬಂದಿದ್ದರೆ ಎದ್ದು ಬಂದು ಎರಡು ಬಿಡುತ್ತಿದ್ದವು.

ಹೀಗಿರುವಾಗ ಫೆಬ್ರವರಿಯ ಒಂದು ಗುರುವಾರ, ತಗಡಿನ ಮಾಡು ಚಟಪಟ ಎನ್ನುವ ಬಿಸಿಲಿನಲ್ಲಿ, ಎನಿಡ್ ಮ್ಯಾಡರ್ನ್ ಬಾಗಿಲಲ್ಲಿ ನಿಂತಳು. ಎಂಬತ್ತು ದಾಟಿದ ಹೆಂಗಸು, ಸ್ಟೇಷನ್ನಿನ ಹಿಂದಿನ ಬೀದಿಯಲ್ಲೇ ಮನೆ. ಊರಿಗೆಲ್ಲ ಮೊಟ್ಟೆ ಮಾರುತ್ತಾಳೆ, ಊರವರನ್ನೆಲ್ಲ ಚಿನ್ನ, ಮಗಾ ಎಂದೇ ಕರೆಯುತ್ತಾಳೆ. ನಾವು ಬಾಗಿಲು ತೆರೆದಂದಿನಿಂದ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಮರ್ವಿನ್ ಅವತ್ತು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ. ಅದನ್ನು ನೋಡಿಕೊಂಡೇ ಬಂದಿದ್ದಳೋ ಏನೋ.

"ಬನ್ನಿ ಎನಿಡ್, ಫ್ಯಾನ್ ಕೆಳಗೆ ಕೂತ್ಕೊಳಿ. ಯಾರನ್ನ ಹುಡುಕ್ಬೇಕು? ಮ್ಯಾಡರ್ನ್ ಕಡೆಯವರನ್ನೋ, ತವರಿನ ಕಡೆಯವರನ್ನೋ?"

"ನನ್ನ ಮಗೂನ," ಎಂದಳು.

ಅವಳಿಗೆ ಮಕ್ಕಳಿಲ್ಲ ಎಂದು ಊರಿಗೆಲ್ಲ ಗೊತ್ತು. ಬಿಸಿಲು ತಲೆಗೇರಿತೇನೋ ಎಂದುಕೊಂಡು ನೀರು ಕೊಟ್ಟೆ. ಅವಳು ಲೋಟ ಪಕ್ಕಕ್ಕಿಟ್ಟಳು.

"ನಂಗೆ ತಲೆ ಸರಿಯಾಗೇ ಇದೆ, ಚಿನ್ನ. ಐವತ್ತೇಳನೇ ಇಸವಿ ಜೂನ್ ಮೂರನೇ ತಾರೀಕು, ಈ ಊರಿನ ಆಸ್ಪತ್ರೇಲಿ ಹೆತ್ತೆ. ಅಳ್ಲಿಲ್ಲ ಅದು. ನಾನು ನೋಡ್ತೀನಿ ಅಂತ ಕತ್ತು ಎತ್ತಿದ್ರೆ ನರ್ಸು ಕಣ್ಣಿಗೆ ಅಡ್ಡ ದುಪ್ಪಟಿ ಹಿಡಿದ್ಲು. ಗಂಡೋ ಹೆಣ್ಣೋ ಅಂತಾನೂ ಹೇಳ್ಲಿಲ್ಲ. ಕೀತ್ ಬಂದು ಕೇಳಿದ್ರೆ, ಆಯ್ತು, ಎಲ್ಲಾ ಮುಗಿಸಿದೀವಿ, ನೀವು ಕೆಲಸಕ್ಕೆ ಹೋಗಿ ಅಂದ್ರಂತೆ."

"ಏನು ಮುಗಿಸಿದ್ರು? ಎಲ್ಲಿ ಮುಗಿಸಿದ್ರು?"

"ಅದನ್ನೇ ಕೇಳೋಕ್ ಬಂದಿರೋದು."

ಕೀತ್ ಅವಳ ಗಂಡ, ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದವನು, ಕೆಂಚು ಕೂದಲಿನ ಮನುಷ್ಯ, ತೀರಿಕೊಂಡು ಬಹಳ ವರ್ಷವಾಯಿತು. ಹುಟ್ಟುವ ಮೊದಲೇ ಇಬ್ಬರೂ ಹೆಸರಿಟ್ಟಿದ್ದರಂತೆ: ರಾಬಿನ್. ಗಂಡಾದರೂ ನಡೆಯುತ್ತದೆ, ಹೆಣ್ಣಾದರೂ ನಡೆಯುತ್ತದೆ ಎಂದು. ಉಸಿರಾಡದ ಮಗುವಿಗೆ ಯಾರೂ ಯಾವ ಕಾಗದವನ್ನೂ ಕೊಡಲಿಲ್ಲ.

"ಮಾರನೇ ದಿನ ಆಸ್ಪತ್ರೆ ಮಹಿಳಾ ಸಮಿತಿ ಅಧ್ಯಕ್ಷಿಣಿ ಬಂದ್ಲು, ಹೆಸ್ಟರ್ ಟ್ರೆಥೆವಿ. ಮರ್ವಿನ್ ಅಜ್ಜಿ. ಕೈಗೆ ಒಂದು ಪೊಟ್ಟಣ ಪೆಪ್ಪರ್‌ಮಿಂಟ್ ಕೊಟ್ಟು, ಹೀಗೆಲ್ಲ ಅಳ್ಬಾರ್ದಮ್ಮ, ಪಕ್ಕದ ಹಾಸಿಗೆ ಬಾಣಂತಿಯರಿಗೆ ತೊಂದ್ರೆ ಆಗುತ್ತೆ, ನಿಂಗಿನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ ಅಂದ್ಲು. ಆಗ್ಲಿಲ್ಲ ಬಿಡು." ಎನಿಡ್ ಆಗ ಲೋಟ ಎತ್ತಿ ನೀರು ಕುಡಿದಳು. "ಈಗ ಡಾಕ್ಟ್ರು ನನ್ನ ಲಿವರ್ ಹೋಯ್ತು ಅಂದಿದಾರೆ. ಮುಂದಿನ ಕ್ರಿಸ್‌ಮಸ್‌ಗೆ ನಂಗೆ ಅಂತ ಕೇಸರಿ ಕೇಕ್ ಮಾಡ್ಬೇಡ. ಸುಡೋದಂತೂ ಸುಡ್ತಾರೆ. ಬೂದಿ ಎಲ್ಲಿ ಹಾಕ್ಬೇಕು ಅಂತ ಕೇಳಿದ್ರೆ ಏನ್ ಹೇಳ್ಲಿ? ಕೀತ್ ಬೂದೀನೂ ಬೀರುವಿನಲ್ಲೇ ಇದೆ. ಮಗು ಎಲ್ಲಿದ್ಯೋ ಅಲ್ಲಿಗೇ ಹಾಕು ಅಂತ ಹೇಳಿ ಹೋದ್ರು ಅವ್ರು. ಎಲ್ಲಿದೆ ಅಂತ ಗೊತ್ತಿದ್ರಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಹೇಳಲಿ? ದುಪ್ಪಟಿ ಹಿಡಿದವಳ ಮೇಲೆ, ಪೆಪ್ಪರ್‌ಮಿಂಟ್ ಕೊಟ್ಟವಳ ಮೇಲೆ, ಅದನ್ನು ಸರಿಯೆಂದುಕೊಂಡು ಬಾಯಿಮುಚ್ಚಿಕೊಂಡಿದ್ದ ಇಡೀ ಊರಿನ ಮೇಲೆ. ಇದೇ ಊರಿನ ಗೋಡೆಯ ಮೇಲೆ ನಾನು ವಾರವಾರ ಹಿತ್ತಾಳೆ ಉಜ್ಜುತ್ತಿದ್ದೆ.

ಮರುದಿನವೇ ಎನಿಡ್‌ಳನ್ನು ಕಾರಿನಲ್ಲಿ ಕೂರಿಸಿಕೊಂಡು ವೃದ್ಧಾಶ್ರಮದಲ್ಲಿದ್ದ ಕೋಲಿನ್ ಬೋಡನ್ ಹತ್ತಿರ ಹೋದೆ. ಅವನ ಅಪ್ಪ ಲೆಸ್ ಬೋಡನ್ ಆ ಕಾಲದಲ್ಲಿ ಊರಿನ ಬಡಗಿ. ಮೇಜು ಕುರ್ಚಿಯೂ ಮಾಡುತ್ತಿದ್ದ, ಹೆಣದ ಪೆಟ್ಟಿಗೆಯೂ ಮಾಡುತ್ತಿದ್ದ, ಸತ್ತವರನ್ನು ಮಣ್ಣು ಮಾಡಿಸುವ ಜವಾಬ್ದಾರಿಯೂ ಅವನದೇ. ಕೋಲಿನ್ ಕಿಟಕಿಯ ಪಕ್ಕ ಕುಳಿತು ತಟ್ಟೆಯಲ್ಲಿದ್ದ ಬಟಾಣಿಯನ್ನು ದ್ವೇಷದಿಂದ ನೋಡುತ್ತಿದ್ದ.

"ಅಪ್ಪ ಕುಡಿದಾಗ ಮಾತ್ರ ಹೇಳ್ತಿದ್ದ," ಎಂದ. "ಅಂಥ ಕೂಸನ್ನ ಬಾಯ್ಲರಿಗೆ ಹಾಕು ಅಂತ ಆಸ್ಪತ್ರೆಯವ್ರು ಹೇಳೋರು. ಬಾಯ್ಲರಿಗೆ! ಕಸ ಹಾಕೋ ಕಡೆ! ಅಪ್ಪ ಆಗಲ್ಲ ಅಂದ. ಫ್ಲ್ಯಾನೆಲ್ ಬಟ್ಟೇಲಿ ಸುತ್ತಿ ಮನೆಗೆ ತಂದು ನೆಲಮಾಳಿಗೇಲಿ ತಣ್ಣಗಿಡ್ತಿದ್ದ. ಊರಲ್ಲಿ ಯಾವುದಾದ್ರೂ ಹೆಂಗಸು ಸತ್ತಾಗ ಪೆಟ್ಟಿಗೆ ಮುಚ್ಚೋಕ್ ಮುಂಚೆ ಜೊತೇಲಿ ಮಲಗಿಸ್ಬಿಡೋನು. ಯಾರಿಗೂ ಹೇಳ್ತಿರ್ಲಿಲ್ಲ."

"ಹೆಂಗಸೇ ಯಾಕೆ?" ಎಂದೆ.

"ಗಂಡಸಿಗೆ ಕೂಸು ಹಿಡ್ಕೊಳೋಕ್ ಬರಲ್ಲ ಅಂತಿದ್ದ."

ಎನಿಡ್ ಅವನ ತಟ್ಟೆಯನ್ನು ಎಳೆದುಕೊಂಡು, "ಇದನ್ನ ಯಾರ್ ತಿಂತಾರೆ ಚಿನ್ನ, ನಾಳೆ ನಾನು ಮೊಟ್ಟೆ ತರ್ತೀನಿ," ಎಂದಳು. ನಾನು ಮೂಗು ಒರೆಸಿಕೊಳ್ಳಲು ಹೊರಗೆ ಹೋದೆ.

ಈ ಕಡೆ ಜೂನ್ ಎಂದರೆ ಚಳಿಗಾಲ; ಚಳಿಗಾಲವಾದರೂ ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗುತ್ತಿರಲಿಲ್ಲ ಎಂದೂ ಕೋಲಿನ್ ಹೇಳಿದ್ದ. ಹಾಗಾದರೆ ಹುಡುಕುವುದು ಸುಲಭ. ನಮ್ಮ ಬೀರುವಿನಲ್ಲಿ ಊರಿನ ಸ್ಮಶಾನದ ಒಂದೊಂದು ಕಲ್ಲಿನ ಫೋಟೊವೂ ಸತ್ತ ತಾರೀಕಿನ ಪ್ರಕಾರ ಇದೆ. ಆ ಜೂನ್ ವಾರದಲ್ಲಿ ಪೆನ್‌ಹೇಲ್‌ನಲ್ಲಿ ಮಣ್ಣಾದವರು ಇಬ್ಬರು. ಒಬ್ಬ ಗಂಡಸು, ಗಣಿಯ ಪಂಪ್ ನೋಡುತ್ತಿದ್ದವನು. ಇನ್ನೊಬ್ಬಳು ಹೆಂಗಸು. ಜೂನ್ ಆರನೇ ತಾರೀಕು ಊಟದ ಮೇಜಿನಲ್ಲೇ ಲಕ್ವ ಹೊಡೆದು ಸತ್ತವಳು. ಕಪ್ಪು ಗ್ರಾನೈಟು, ಚಿನ್ನದ ಅಕ್ಷರ, ಕಬ್ಬಿಣದ ಕಟಾಂಜನ. ಹೆಸ್ಟರ್ ಟ್ರೆಥೆವಿ.

ಆ ವಾರ ಬೇರೆ ಯಾವ ಹೆಂಗಸೂ ಸಾಯಬಾರದಿತ್ತೇ ಎಂದು ಸತ್ತವರನ್ನೆಲ್ಲ ಬೈದುಕೊಂಡೆ.

ಎನಿಡ್‌ಗೆ ಹೇಳುವಾಗ ಅವಳು ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ಕೈ ಹಾಗೇ ನಿಂತಿತು.

"ಆ ಪೆಪ್ಪರ್‌ಮಿಂಟ್ ಮುಂಡೆ ಜೊತೆಗಾ?"

"ಹೂಂ."

"ಅಳ್ಬೇಡ ಅಂತ ಹೇಳಿ ಹೋದ್ಲಲ್ಲ, ಅವಳ ಜೊತೆಗಾ?" ಎಂದು ಮತ್ತೆ ಕೇಳಿದಳು. ಆಮೇಲೆ ನಕ್ಕಳು, ಕೆಟ್ಟ ನಗು. "ಸತ್ಮೇಲೂ ಆಯಮ್ಮನ ಪಕ್ಕ ಬಿದ್ಕೊಂಡು ಬುದ್ಧಿವಾದ ಕೇಳ್ಬೇಕಾ ನಾನು? ಥೂ." ಉಳಿದ ಕಾಳನ್ನೆಲ್ಲ ಒಮ್ಮೆಗೇ ಎಸೆದಳು, ಕೋಳಿಗಳು ಕಿತ್ತಾಡಿಕೊಂಡವು. "ಸರಿ ಬಿಡು. ಇಷ್ಟ ಇದ್ಯೋ ಇಲ್ವೋ, ಮಗು ಇರೋದಲ್ಲಿ. ನಾನೂ ಕೀತೂ ಅಲ್ಲಿಗೇ."

ಆದರೆ ಬೇರೆಯವರ ಗೋರಿಯಲ್ಲಿ ಚಮಚದಷ್ಟು ಬೂದಿ ಇಡಬೇಕಾದರೂ ಆ ಜಾಗದ ಹಕ್ಕುದಾರನ ಸಹಿ ಬೇಕು. ಹಕ್ಕುದಾರ ಮರ್ವಿನ್.

ಮುಂದಿನ ಗುರುವಾರ ಎನಿಡ್ ಚರ್ಚಿಗೆ ಹಾಕಿಕೊಳ್ಳುವ ನೀಲಿ ಉಡುಪು ಹಾಕಿಕೊಂಡು ಬಂದಳು. ಮರ್ವಿನ್‌ಗೆಂದು ಒಂದು ಡಜನ್ ಮೊಟ್ಟೆಯನ್ನೂ ತಂದಿದ್ದಳು. ಅವನು ಮೊದಲನೆಯ ಬನ್ ಮುಗಿಸಿ ಎರಡನೆಯದಕ್ಕೆ ಕೈ ಹಾಕುತ್ತಿದ್ದ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ಎನಿಡ್ ಹೆತ್ತ ತಾರೀಕು, ಲೆಸ್ ಬೋಡನ್ ಮಾಡುತ್ತಿದ್ದ ಕೆಲಸ, ಹೆಸ್ಟರ್ ಸತ್ತ ತಾರೀಕು. ಹೇಳುತ್ತ ಹೇಳುತ್ತ ಅವನ ಮುಖ ನೋಡಿದೆ. ಅಗಿಯುವುದು ನಿಂತಿತ್ತು. ಗಲ್ಲದ ಮೇಲೆ ಕ್ರೀಮು ಹಾಗೇ ಇತ್ತು.

"ನೋಡಿ ಮಿಸೆಸ್ ಮ್ಯಾಡರ್ನ್," ಎಂದ, ಸಭೆಯಲ್ಲಿ ಮಾತಾಡುವ ದನಿಯಲ್ಲಿ. "ನಿಮ್ ದುಃಖ ನಂಗೆ ಅರ್ಥ ಆಗುತ್ತೆ. ಆದ್ರೆ ಇದು ಊಹೆ. ಊಹೆ ಮೇಲೆ ನಾವು ಹೆಸರು ಸೇರಿಸಲ್ಲ. ಸಂಘಕ್ಕೊಂದು ನಿಯಮ ಇದೆ." ಬೆರಳು ಮೇಲಕ್ಕೆ ತೋರಿಸಿದ, ಹಿತ್ತಾಳೆಯ ಕಡೆಗೆ.

"ಸಂಘ ಯಾಕೆ ಬಂತು ಮಧ್ಯ?" ಎಂದೆ. "ಗೋರಿ ನಿಂದು. ಒಂದು ಸಹಿ ಹಾಕು. ನಿನ್ನ ಗಂಟೇನ್ ಹೋಗುತ್ತೆ?"

"ರಾಸ್, ಅದು ನಮ್ಮ ಮನೆತನದ ಗೋರಿ. ಧರ್ಮಛತ್ರ ಅಲ್ಲ. ಯಾರ್ ಬಂದು ಕೇಳಿದ್ರೂ ಬಾಗಿಲು ತೆಗಿಯೋಕೆ."

ಎನಿಡ್ ಮೊಟ್ಟೆಯ ಡಬ್ಬದ ಮುಚ್ಚಳವನ್ನು ತೆಗೆದು ಮುಚ್ಚಿ ಮಾಡುತ್ತಿದ್ದಳು. "ನಾನೇನೂ ಜಾಸ್ತಿ ಜಾಗ ಹಿಡಿಯಲ್ಲ, ಮಗಾ," ಎಂದಳು. "ಕಲ್ಲಿನ ಮೇಲೆ ಹೆಸರೂ ಬೇಡ."

ಆ ಮಾತಿಗೆ ಕಲ್ಲೂ ಕರಗಬೇಕಿತ್ತು. ಇವನಿಗೆ ಏನೂ ಆಗಲಿಲ್ಲ. ಕರವಸ್ತ್ರ ತೆಗೆದು ಕುತ್ತಿಗೆಯ ಬೆವರು ಒರೆಸಿಕೊಂಡ. ಅವನ ಮೇಲೆ ನನಗೆ ಇಷ್ಟು ವರ್ಷ ಇದ್ದದ್ದು ಬರೀ ಸಿಟ್ಟು. ಆ ಗಳಿಗೆಯಲ್ಲಿ ಅಸಹ್ಯವಾಯಿತು, ಹತ್ತಿರ ನಿಂತರೆ ಮೈಗೆ ಮೆತ್ತಿಕೊಳ್ಳುತ್ತದೇನೋ ಅನ್ನುವಷ್ಟು.

"ಕೋಲಿನ್ ಬೋಡನ್ ಮಾತಿಗೆ ಏನ್ ಬೆಲೆ?" ಎಂದು ಮರ್ವಿನ್ ದನಿ ಏರಿಸಿದ. "ನಿನ್ನೆ ಏನ್ ತಿಂದೆ ಅಂದ್ರೆ ಅವನಿಗೆ ಜ್ಞಾಪಕ ಇಲ್ಲ. ಅವರಪ್ಪ ಬೂಟಿನ ಡಬ್ಬ ಹಿಡ್ಕೊಂಡು ಬಂದ ಮಾತ್ರಕ್ಕೆ ಇವ್ರದ್ದೇ ಮಗು ಅಂತ ಹೇಗ್ ಹೇಳ್ತೀಯ? ಊರಲ್ಲಿ ಇನ್ನೂ ಎಷ್ಟೋ ಜನ..."

ಎನಿಡ್ ಕೈ ಮೊಟ್ಟೆಯ ಡಬ್ಬದ ಮೇಲೆ ನಿಂತಿತು.

"ಬೂಟಿನ ಡಬ್ಬ ಅಂತ ಯಾರ್ ಹೇಳಿದ್ರು, ಮಗಾ?"

ಯಾರೂ ಹೇಳಿರಲಿಲ್ಲ. ಕೋಲಿನ್ ನಮಗೆ ಹೇಳಿದ್ದು ಫ್ಲ್ಯಾನೆಲ್ ಬಟ್ಟೆ ಎಂದು. ನಾನು ಮರ್ವಿನ್‌ಗೆ ಅದನ್ನೂ ಹೇಳಿರಲಿಲ್ಲ.

ಮರ್ವಿನ್ ನಾಲಿಗೆ ಕಚ್ಚಿಕೊಂಡ. ಮುಖ ಮೊದಲು ಕೆಂಪಾಯಿತು, ಆಮೇಲೆ ಬೂದು ಬಣ್ಣಕ್ಕೆ ತಿರುಗಿತು. ಸುಳ್ಳು ಹುಡುಕುತ್ತಿದ್ದ, ಸಿಗಲಿಲ್ಲ. ಎಪ್ಪತ್ತು ದಾಟಿದ ಗಂಡಸು ಕುರ್ಚಿಯಲ್ಲಿ ಕುಗ್ಗಿ ಕುಗ್ಗಿ ಸ್ಕೂಲಿನ ಹುಡುಗನಾದ.

"ನಂಗೆ ಆಗ ಒಂಬತ್ತು ವರ್ಷ," ಎಂದ ಕೊನೆಗೆ. "ಅಜ್ಜೀನ ಮುಂದಿನ ಕೋಣೇಲಿ ಇಟ್ಟಿದ್ರು. ಪೆಟ್ಟಿಗೆ ಮುಚ್ಚಿರ್ಲಿಲ್ಲ. ನಾನು ಮೇಜಿನ ಬಟ್ಟೆ ಹಿಂದೆ ಅಡಗಿ ಕೂತಿದ್ದೆ, ಚಾಪೆಲ್ ಪ್ರಾರ್ಥನೆಗೆ ಹೋಗೋಕೆ ಇಷ್ಟ ಇರ್ಲಿಲ್ಲ. ಲೆಸ್ ಬೋಡನ್ ಒಬ್ನೇ ಬಂದ. ಕೈಯಲ್ಲಿ ನಮ್ಮಪ್ಪನ ಬೂಟಿನ ಅಂಗಡಿ ಡಬ್ಬ ಇತ್ತು. ನಂಗೆ ಹೊಸ ಬೂಟು ತಂದ ಅಂದ್ಕೊಂಡೆ. ಅದಕ್ಕೇ ನೋಡ್ತಾ ಕೂತೆ."

"ಹೇಳು," ಎಂದಳು ಎನಿಡ್.

"ಡಬ್ಬದಿಂದ ಏನೋ ಸುತ್ತಿದ್ದನ್ನ ತೆಗೆದ. ಅಜ್ಜಿ ತೋಳು ಎತ್ತಿ ಅದ್ರೊಳಗೆ ಇಟ್ಟ. ಮೇಲೆ ಶಾಲು ಹೊದಿಸಿ ಮೊಳೆ ತರೋಕೆ ಗಾಡಿ ಹತ್ರ ಹೋದ. ನಾನು ಎದ್ದು ಹೋಗಿ ಶಾಲು ಸರಿಸಿ ನೋಡಿದೆ."

ನಾನು ತಡೆದುಕೊಳ್ಳಲಿಲ್ಲ. "ಥೂ ನಿನ್ನ ಜನ್ಮಕ್ಕೆ! ಇಷ್ಟು ವರ್ಷ ಪುರಾವೆ ಪುರಾವೆ ಅಂತ ಊರವರ ತಲೆ ತಿಂದ್ಯಲ್ಲೋ! ಗೋಡೆಗೆ ಹಿತ್ತಾಳೆ ಹೊಡೆಸಿದ್ಯಲ್ಲೋ! ಪುರಾವೆ ನಿನ್ ಹೊಟ್ಟೇಲೇ ಇತ್ತಲ್ಲೋ, ಕ್ರೀಮ್ ಬನ್ ಕೆಳಗೆ! ಅವಳ ಕೈಯಿಂದಲೇ ಮೊಟ್ಟೆ ತಗೊಂಡು ತಿಂತಿದ್ಯಲ್ಲೋ!"

"ಯಾರ್ದು ಅಂತ ನಂಗೆ ಗೊತ್ತಿರ್ಲಿಲ್ಲ ರಾಸ್! ದೇವ್ರಾಣೆ ಗೊತ್ತಿರ್ಲಿಲ್ಲ! ಅಪ್ಪನಿಗೆ ಹೇಳ್ದೆ, ಹೆಣದ ಮುಂದೆ ಸುಳ್ಳು ಹೇಳ್ತೀಯಾ ಅಂತ ಕೆನ್ನೆಗೆ ಬಾರಿಸಿದ್ರು. ಆಮೇಲೆ ಕನಸೇನೋ ಅಂದ್ಕೊಂಡು..."

"ಈಗ ಗೊತ್ತಾಯ್ತಲ್ಲ! ಈ ಕುರ್ಚೀಲಿ ಕೂತು, ಇವಳ ಬಾಯಿಂದ ಕೇಳಿ, ಗೊತ್ತಾದ ಮೇಲೂ ಧರ್ಮಛತ್ರ ಅಲ್ಲ ಅಂದ್ಯಲ್ಲ! ಆ ಬಾಯಿಗೆ ಏನ್ ಹಾಕ್ಬೇಕು ನಾನು?"

ಅವನು ಹಾಗಂದದ್ದರ ಕಾರಣ ನನಗೂ ಗೊತ್ತಿತ್ತು: ಚಿನ್ನದ ಅಕ್ಷರದ ಗೋರಿಯಲ್ಲಿ ಹಳಿ ಕೆಲಸದವನ ಮಗು ಇದೆ ಎಂದರೆ ಟ್ರೆಥೆವಿಗಳ ಮರ್ಯಾದೆ ಏನಾದೀತು ಎಂಬ ಕೊಳಕು ಲೆಕ್ಕ.

"ರಾಸ್, ಸುಮ್ನಿರು ಚಿನ್ನ," ಎಂದಳು ಎನಿಡ್. ನನ್ನ ಕಡೆ ನೋಡಲೇ ಇಲ್ಲ. ಕುರ್ಚಿಯನ್ನು ಎಳೆದುಕೊಂಡು ಮರ್ವಿನ್‌ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಳು. "ಅವನನ್ನ ಬೈಬೇಡ. ಅವನು ನೋಡಿದಾನೆ. ನಾನು ನೋಡ್ಲಿಲ್ಲ, ಕೀತ್ ನೋಡ್ಲಿಲ್ಲ. ಇವನು ನೋಡಿದಾನೆ." ಮರ್ವಿನ್‌ನ ಎರಡೂ ಕೈಗಳನ್ನು, ಕ್ರೀಮು ಮೆತ್ತಿದ ಆ ಕೈಗಳನ್ನು, ಹಿಡಿದುಕೊಂಡಳು. "ಹೇಗಿತ್ತು, ಮಗಾ?"

ಅವನು ಬಾಗಿಲ ಕಡೆ ಕಣ್ಣು ಹಾಯಿಸಿದ.

"ಹೇಗಿತ್ತು ಹೇಳು. ಭಯ ಪಡ್ಬೇಡ. ಯಾರೂ ಹೊಡಿಯಲ್ಲ."

"ಚಿಕ್ಕದಾಗಿತ್ತು," ಎಂದ. "ಮುಖ ಮಾತ್ರ ಕಾಣ್ತಿತ್ತು. ಗಂಡೋ ಹೆಣ್ಣೋ ಗೊತ್ತಿಲ್ಲ. ಹುಬ್ಬು ಗಂಟಿಕ್ಕಿತ್ತು, ಯಾರ ಮೇಲೋ ಸಿಟ್ಟು ಬಂದ ಹಾಗೆ. ತಲೆ ತುಂಬ ಕೂದಲಿತ್ತು."

"ಯಾವ ಬಣ್ಣ?"

"ಕೆಂಚು. ಕ್ಯಾರೆಟ್ ಥರ ಕೆಂಚು. ನಮ್ಮನೇಲಿ ಯಾರಿಗೂ ಆ ಬಣ್ಣ ಇಲ್ವಲ್ಲ, ಅದಕ್ಕೇ ಆಶ್ಚರ್ಯ ಆಗಿತ್ತು."

ಎನಿಡ್ ಉಸಿರು ಎಳೆದುಕೊಂಡಳು. ಅತ್ತಳು. ಅರವತ್ತು ವರ್ಷದ ಹಿಂದೆ ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗುತ್ತದೆಂದು ನುಂಗಿಕೊಂಡದ್ದನ್ನೆಲ್ಲ ಆ ಪಾರ್ಸೆಲ್ ಕೋಣೆಯಲ್ಲಿ ಅತ್ತಳು, ಸ್ಟೇಷನ್ನಿಗೆಲ್ಲ ಕೇಳುವ ಹಾಗೆ. ಮರ್ವಿನ್ ಕೈ ಬಿಡಿಸಿಕೊಳ್ಳಲಿಲ್ಲ. ಅವನೂ ಅಳುತ್ತಿದ್ದ, ಮೂಗು ಸೋರುತ್ತಿತ್ತು. ನನಗೆ ಅದೂ ಅಸಹ್ಯವಾಯಿತು. ಅವನಿಗೆ ಅಳುವ ಹಕ್ಕು ಯಾರು ಕೊಟ್ಟರು?

ಅಳು ನಿಂತ ಮೇಲಾದರೂ ಮನುಷ್ಯ ಸರಿಹೋಗುತ್ತಾನೆಯೇ? ಮೂಗು ಒರೆಸಿಕೊಂಡವನೇ, ಗೋಡೆಯ ಮೇಲೆ ಒಂದು ಫಲಕ ಹಾಕಿಸೋಣ, ಪೇಪರಿನವರನ್ನು ಕರೆಸೋಣ, ನಾನೇ ಭಾಷಣ ಮಾಡುತ್ತೇನೆ ಎಂದ. ಟ್ರೆಥೆವಿ ಮನೆತನದ ಔದಾರ್ಯ ಎಂಬ ಮಾತು ಅವನ ಬಾಯಿಂದ ಬಂದಾಗ ನಾನು ಚಹಾದ ಕೆಟಲ್ ಎತ್ತಿಕೊಂಡದ್ದು ಚಹಾ ಮಾಡುವುದಕ್ಕಲ್ಲ.

"ಫಲಕ ಬೇಡ, ಪೇಪರ್ ಬೇಡ," ಎಂದಳು ಎನಿಡ್. "ಸಹಿ ಹಾಕು."

ಸಹಿ ಹಾಕಿದ. ಆಮೇಲೆ ಯಾರೂ ಕೇಳದಿದ್ದರೂ ಎದ್ದುಹೋಗಿ ಬೀರು ತೆಗೆದ, ತನ್ನ ಅಜ್ಜಿಯ ಕಲ್ಲಿನ ಫೋಟೊ ಅಂಟಿಸಿದ ರಟ್ಟನ್ನು ಹೊರಗೆ ಎಳೆದ. ಹೆಸ್ಟರ್ ಹೆಸರಿನ ಕೆಳಗೆ ರಾಬಿನ್ ಮ್ಯಾಡರ್ನ್ ಎಂದು ಬರೆದ. ಪಕ್ಕದಲ್ಲಿ ಪುರಾವೆ ಎಂದಿರುವ ಜಾಗದಲ್ಲಿ "ನಾನು ನೋಡಿದ್ದೇನೆ" ಎಂದು ಬರೆದು ಹೆಸರು ಹಾಕಿದ. ರಟ್ಟಿನ ಮೂಲೆಯಲ್ಲಿ ಅವನ ಹೆಬ್ಬೆಟ್ಟಿನ ಕ್ರೀಮಿನ ಗುರುತು ಈಗಲೂ ಇದೆ. ನಾನು ಒರೆಸಿಲ್ಲ.

ಈಗ ಎನಿಡ್ ಪ್ರತಿ ಗುರುವಾರ ಬರುತ್ತಾಳೆ. ನಡೆಯಲು ಆಗುವುದಿಲ್ಲ, ನಾನೇ ಹೋಗಿ ಕರೆತರುತ್ತೇನೆ. ಕಣ್ಣುಗಳು ಹಳದಿಯಾಗಿವೆ, ನೀಲಿ ಉಡುಪು ಭುಜದಿಂದ ಜಾರುತ್ತದೆ. ಆಯಮ್ಮ ಇಷ್ಟು ವರ್ಷ ಕೂಸು ಹಿಡ್ಕೊಂಡು ಸುಸ್ತಾಗಿರ್ಬೇಕು, ಹೋಗಿ ಇಸ್ಕೋತೀನಿ ಎನ್ನುತ್ತಾಳೆ, ಈಗ ಹೆಸ್ಟರ್‌ಳ ಮೇಲೆ ಅವಳಿಗೆ ಸಿಟ್ಟಿಲ್ಲ. ನನಗಿದೆ. ಯಾರಾದರೊಬ್ಬರಿಗೆ ಇರಬೇಕಲ್ಲ.

ಬಂದವಳೇ ಮರ್ವಿನ್ ಎದುರು ಕುಳಿತು, "ಮತ್ತೊಂದ್ಸಲ ಹೇಳು, ಮಗಾ," ಎನ್ನುತ್ತಾಳೆ. ಅವನು ಹೇಳುತ್ತಾನೆ. ಬೂಟಿನ ಡಬ್ಬದಿಂದ ಶುರುಮಾಡಿ, ಶಾಲು ಸರಿಸಿದ್ದು, ಗಂಟಿಕ್ಕಿದ ಹುಬ್ಬು, ಕೆಂಚು ಕೂದಲು. ಒಂದು ಮಾತು ಬಿಟ್ಟರೂ ಅವಳು ನಿಲ್ಲಿಸಿ ಕೇಳುತ್ತಾಳೆ. ಹೊಸದೇನಾದರೂ ನೆನಪಾದರೆ ಅವತ್ತು ಹಬ್ಬ. ಹೋದ ವಾರ, ಕಿವಿಯ ಹತ್ತಿರ ಕೂದಲು ಸುರುಳಿಯಾಗಿತ್ತು ಎಂದ. ಅದು ನಿಜವೋ, ಅವಳ ಮುಖ ನೋಡಿ ಕಟ್ಟಿದ್ದೋ, ನಾನು ಕೇಳಲಿಲ್ಲ. ನಮ್ಮ ಗೋಡೆಯ ಮೇಲಿನ ನಿಯಮಕ್ಕೆ ಅದು ಗೊತ್ತಾಗುವುದೂ ಬೇಡ.

ಅವನ ಮುಖ ಕಂಡರೆ ನನಗೆ ಇವತ್ತಿಗೂ ವಾಕರಿಕೆ. ಆದರೆ ಎನಿಡ್‌ಳ ಮಗುವನ್ನು ಕಣ್ಣಾರೆ ಕಂಡ ಮನುಷ್ಯ ಭೂಮಿಯ ಮೇಲೆ ಅವನೊಬ್ಬನೇ. ಆದ್ದರಿಂದ ಗುರುವಾರ ಅವನು ಮೊದಲನೆಯ ಬನ್ ಮುಗಿಸಿ ಕೈ ಚಾಚುವಷ್ಟರಲ್ಲಿ ಎರಡನೆಯದನ್ನು ತಟ್ಟೆಯಿಂದ ಎತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ.

"ಏಯ್, ನನ್ನ ಬನ್ ಅದು!" ಎಂದು ಕಿರುಚುತ್ತಾನೆ.

"ಅವಳು ಹೋಗೋ ತನಕ ನೀನು ಸಾಯ್ಬಾರ್ದು ಕಣೋ," ಎನ್ನುತ್ತೇನೆ. "ಆಮೇಲೆ ಎಷ್ಟ್ ಬೇಕಾದ್ರೂ ತಿನ್ನು."